‘ಸತ್ತ ಋತು’ವಿನಲ್ಲಿ ಹುಟ್ಟುವ ಜೀವಗಳು

ಮೇ ತಿಂಗಳ ನಡುಭಾಗದಲ್ಲಿ ಆಲ್ಪ್ಸ್ ಪರ್ವತಗಳ ಕಣಿವೆಗಳಿಗೆ ಒಂದು ಬಗೆಯ ಮೌನ ಇಳಿಯುತ್ತದೆ. ಚಳಿಗಾಲದ ಸ್ಕೀ ಪ್ರವಾಸಿಗಳು ಊರು ಸೇರಿರುತ್ತಾರೆ. ಬೇಸಿಗೆಯ ಚಾರಣಿಗರು ಇನ್ನೂ ಹೊರಟಿರುವುದಿಲ್ಲ. ಕೇಬಲ್ ಕಾರುಗಳು ದುರಸ್ತಿಗಾಗಿ ನಿಂತಿರುತ್ತವೆ, ಅನೇಕ ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಎತ್ತರದ ಘಟ್ಟದ ರಸ್ತೆಗಳಲ್ಲಿ ಹಿಮ ಬಗೆಯುವ ಯಂತ್ರಗಳ ಸದ್ದು ಮಾತ್ರ ಕೇಳಿಸುತ್ತದೆ. ಫ್ರೆಂಚ್ ಭಾಷೆಯಲ್ಲಿ ಇಂಥ ವಾರಗಳಿಗೆ ‘ಸತ್ತ ಋತು’ ಎಂದು ಹೆಸರು. ಜರ್ಮನ್ ಭಾಷಿಕರು ತುಸು ಮೃದುವಾಗಿ ‘ನಡುಋತು’ ಎನ್ನುತ್ತಾರೆ. ಎರಡು ಹೆಸರುಗಳೂ ಹೋಟೆಲಿನ ಲೆಕ್ಕದ ಪುಸ್ತಕದಿಂದ ಬಂದವು.

ಬೆಟ್ಟದ ಲೆಕ್ಕದಲ್ಲಿ ಇದು ವರ್ಷದ ಅತ್ಯಂತ ಜೀವಂತ ಕಾಲ. ಕರಗುತ್ತಿರುವ ಹಿಮದ ಅಂಚನ್ನೇ ಸೀಳಿಕೊಂಡು ಸೋಲ್ಡನೆಲ್ಲಾ ಎಂಬ ನೇರಳೆ ಗಂಟೆಹೂ ಅರಳುವುದು ಈಗ. ಶಾಮೋವಾ ಎಂಬ ಕಾಡುಮೇಕೆ ಜಾತಿಯ ಪ್ರಾಣಿ ಮರಿ ಹಾಕುವುದು ಮೇ ಕೊನೆ, ಜೂನ್ ಮೊದಲಲ್ಲಿ. ಕಾಡು ಮುಗಿದು ಹುಲ್ಲುಗಾವಲು ತೊಡಗುವ ಗಡಿಯಲ್ಲಿ ಕಪ್ಪು ಗ್ರೌಸ್ ಎಂಬ ಕೋಳಿ ಜಾತಿಯ ಗಂಡುಹಕ್ಕಿಗಳು ನಸುಕಿನಲ್ಲಿ ಒಂದೆಡೆ ಕೂಡಿ, ಬಾಲ ಬಿಚ್ಚಿ, ಗುಟುರು ಹಾಕುತ್ತ ಹೆಣ್ಣುಹಕ್ಕಿಗಳಿಗಾಗಿ ಕುಣಿಯುವುದೂ ಏಪ್ರಿಲ್‌ನಿಂದ ಜೂನ್‌ವರೆಗಿನ ಇದೇ ಅವಧಿಯಲ್ಲಿ. ಆರೇಳು ತಿಂಗಳು ಹಿಮದ ಕೆಳಗೆ ಕಾದ ಜೀವಲೋಕವೊಂದು ತನ್ನ ಇಡೀ ವರ್ಷದ ಕೆಲಸವನ್ನು ಕೆಲವೇ ವಾರಗಳಲ್ಲಿ ಮುಗಿಸಿಕೊಳ್ಳಲು ಧಾವಿಸುವ ಕಾಲವಿದು. ಇದಕ್ಕೆ ಸತ್ತ ಋತುವೆಂದು ಹೆಸರಿಟ್ಟ ನಾಲಗೆಯನ್ನು ಏನೆನ್ನಬೇಕು!

ಈ ಋತುವಿಗೂ ಈಗ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಜನಜಂಗುಳಿಗೆ ಮೊದಲೇ ಎತ್ತರದ ಪರ್ವತಗಳಲ್ಲಿ ನಡೆಯುವ, ಉಳಿದ ಹಿಮದ ಮೇಲೆ ಸ್ಕೀ ಕಟ್ಟಿ ಏರಿ ಇಳಿಯುವ ‘ಸಾಧ್ಯತೆ’ಯ ಬಗೆಗೆ ಸಾಹಸಪ್ರಿಯರಲ್ಲಿ ವರ್ಷದಿಂದ ವರ್ಷಕ್ಕೆ ಆಸಕ್ತಿ ಹೆಚ್ಚುತ್ತಿದೆ. ಆ ಆಸಕ್ತಿಯನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ಸ್ಕೀ ಚಾರಣವೆಂಬುದು ಲಿಫ್ಟಿನಲ್ಲಿ ಕುಳಿತು ಮೇಲೇರಿ, ಯಂತ್ರದಿಂದ ಹದಗೊಳಿಸಿದ ಇಳಿಜಾರಿನಲ್ಲಿ ಜಾರುವ ಆಟಕ್ಕಿಂತ ತೀರ ಭಿನ್ನವಾದದ್ದು. ಇಲ್ಲಿ ಸ್ಕೀ ಹಲಗೆಯ ಅಡಿಗೆ ಒಂದೇ ದಿಕ್ಕಿಗೆ ಮಲಗಿದ ರೋಮಗಳುಳ್ಳ ಪಟ್ಟಿಯನ್ನು ಅಂಟಿಸಲಾಗುತ್ತದೆ. ಹಿಂದೆ ಅದು ಸೀಲ್ ಪ್ರಾಣಿಯ ಚರ್ಮವಾಗಿತ್ತು. ಈಗ ಆಡಿನ ಮೊಹೇರ್ ಕೂದಲು ಅಥವಾ ನೈಲಾನ್. ಮುಂದಕ್ಕೆ ತಳ್ಳಿದರೆ ಜಾರುತ್ತದೆ, ಹಿಂದಕ್ಕೆ ಜಾರಗೊಡುವುದಿಲ್ಲ. ಹಿಮ್ಮಡಿ ಬಿಡುವಾಗಿದ್ದು, ಚಾರಣಿಗನು ಹೆಜ್ಜೆ ಹೆಜ್ಜೆಯಾಗಿ ಸಾವಿರಾರು ಅಡಿ ಏರಿ, ತುದಿಯಲ್ಲಿ ಪಟ್ಟಿ ಕಿತ್ತು, ಹಿಮ್ಮಡಿ ಬಿಗಿದು ಇಳಿಯುತ್ತಾನೆ. ಕಂಬವಿಲ್ಲ, ತಂತಿಯಿಲ್ಲ, ವಿದ್ಯುತ್ತಿಲ್ಲ. ಷರ್ಲಾಕ್ ಹೋಮ್ಸ್ ಕತೆಗಳನ್ನು ಬರೆದ ಕಾನನ್ ಡಾಯ್ಲ್ 1894ರಲ್ಲಿ ದಾವೋಸ್‌ನಿಂದ ಆರೋಸಾಕ್ಕೆ ಘಟ್ಟ ದಾಟಿದ್ದು ಸ್ಕೀ ತೊಟ್ಟೇ. ಶಾಮೊನಿಯಿಂದ ಜೆರ್ಮಾಟ್‌ವರೆಗಿನ ಪ್ರಸಿದ್ಧ ‘ಎತ್ತರದ ಹಾದಿ’ಯನ್ನು 1911ರಲ್ಲಿ ಸ್ಕೀ ಮೇಲೆ ಕ್ರಮಿಸಿದವರಿಗೂ ತಮ್ಮ ಕಾಲುಗಳ ಹೊರತು ಬೇರೆ ವಾಹನವಿರಲಿಲ್ಲ.

ಋತುವಿನ ಆರಂಭದಲ್ಲಿ ಹೋಗುವವರಿಗೆ ಬೆಟ್ಟ ವಿಧಿಸುವ ಶಿಸ್ತು ಕಠಿಣವಾದದ್ದು. ವಸಂತದ ಹಿಮ ರಾತ್ರಿ ಗಟ್ಟಿಯಾಗಿ ಹಗಲು ಸಡಿಲಗೊಳ್ಳುತ್ತದೆ. ಆದ್ದರಿಂದ ನಸುಕಿಗೆ ಮುಂಚೆಯೇ, ಮೂರು-ನಾಲ್ಕು ಗಂಟೆಗೆ ಹೊರಟು ಹೊತ್ತೇರುವ ಮೊದಲೇ ಇಳಿದು ಬರಬೇಕು. ಮಧ್ಯಾಹ್ನದ ಬಿಸಿಲಿಗೆ ನೀರೂರಿದ ಹಿಮ ಬುಡದಿಂದಲೇ ಜಾರುವುದುಂಟು. ಹಿಮನದಿಯ ಬಿರುಕುಗಳ ಮೇಲಿನ ಹಿಮಸೇತುವೆಗಳು ಬೆಳಿಗ್ಗೆ ಹೊರುವ ಭಾರವನ್ನು ಮಧ್ಯಾಹ್ನ ಹೊರಲಾರವು. ಆಲ್ಪ್ಸ್‌ನಲ್ಲಿ ಹಿಮಪಾತಕ್ಕೆ ಸಿಲುಕಿ ಸಾಯುವವರ ಸಂಖ್ಯೆ ವರ್ಷಕ್ಕೆ ಸರಾಸರಿ 100ರಷ್ಟು. ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಚಳಿಗಾಲವಿಡೀ ದಿನಂಪ್ರತಿ ಹಿಮಪಾತದ ಮುನ್ಸೂಚನೆ ಪ್ರಕಟಿಸುತ್ತದೆ. ಬೇಸಿಗೆ ಹತ್ತಿರವಾದಂತೆ ಅದು ವಿರಳವಾಗಿ, ಭಾರೀ ಹಿಮ ಸುರಿದಾಗ ಮಾತ್ರ ಹೊರಬರುತ್ತದೆ. ಜೂನಿನಲ್ಲಿ ಹೊರಡುವವನು ತನ್ನ ಕಣ್ಣನ್ನೇ ನಂಬಬೇಕು.

ಬರಿಗಾಲ ಚಾರಣಿಗನ ಪಾಡೂ ಸುಲಭವಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಗುರುತು ಹಾಕಿದ 65,000 ಕಿ.ಮೀ. ಕಾಲುದಾರಿಗಳಿವೆ. ಆದರೆ ಬೆಟ್ಟದ ದಾರಿಯ ಬಿಳಿ-ಕೆಂಪು-ಬಿಳಿ ಪಟ್ಟೆಗಳನ್ನು ಬಳಿದಿರುವುದು ಬಂಡೆಗಳ ಮೇಲೆ. ಬಂಡೆಗಳಿರುವುದು ಹಿಮದ ಕೆಳಗೆ. ಬಿಸಿಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ ಹೂ ಅರಳಿದ್ದರೆ, ಅದೇ ಘಟ್ಟದ ಉತ್ತರದ ಮಗ್ಗುಲಲ್ಲಿ ಮೊಣಕಾಲುದ್ದದ ಹಿಮ ಜುಲೈವರೆಗೂ ಉಳಿದಿರುತ್ತದೆ. ದಾರಿಯ ಮೇಲಿನ ಹಿಮದ ಗುಪ್ಪೆಯನ್ನು ತಪ್ಪಿಸಲು ಚಾರಣಿಗರು ಪಕ್ಕದ ಹುಲ್ಲಿಗೆ ಇಳಿಯುತ್ತಾರೆ. ಆಗಷ್ಟೇ ಹಿಮ ಕರಗಿದ ನೆಲ ನೀರು ಕುಡಿದ ಸ್ಪಂಜಿನಂತಿರುತ್ತದೆ. ನೂರು ಜನ ಸುತ್ತಿ ಹೋದರೆ ಅಲ್ಲೊಂದು ಹೊಸ ದಾರಿ ಬೀಳುತ್ತದೆ. ಮುಂದಿನ ಮಳೆಗೆ ಅದೇ ಕೊರಕಲು. ಬೆಳೆಯುವ ಕಾಲವೇ ಎರಡು-ಮೂರು ತಿಂಗಳಿರುವ ಎತ್ತರದಲ್ಲಿ, ಕಿತ್ತುಹೋದ ಹುಲ್ಲು ಮರಳಿ ಬೇರೂರಲು ವರ್ಷಗಳೇ ಬೇಕು.

ಆದರೆ ಇದಕ್ಕಿಂತ ತೊಡಕಿನ ಸಂಗತಿ ಇನ್ನೊಂದಿದೆ. ಮನುಷ್ಯನಿಗೆ ಯಾವ ಹೊತ್ತು ಅತ್ಯಂತ ಸುರಕ್ಷಿತವೋ ಬೆಟ್ಟದ ಜೀವಿಗಳಿಗೆ ಅದೇ ಹೊತ್ತು ಅತ್ಯಂತ ಸೂಕ್ಷ್ಮವಾದದ್ದು. ಹಿಮ ಗಟ್ಟಿಯಿರುವಾಗಲೇ ಏರಬೇಕೆಂದು ನಸುಕಿನಲ್ಲಿ ಹೊರಟ ಸ್ಕೀ ಚಾರಣಿಗನು ಮರಗಳ ಗಡಿಯನ್ನು ದಾಟುವುದು ಸರಿಯಾಗಿ ಕಪ್ಪು ಗ್ರೌಸ್‌ಗಳು ಕುಣಿಯುವ ಗಳಿಗೆಯಲ್ಲಿ. ಅವನು ಒಳ್ಳೆಯವನೇ ಇರಬಹುದು. ಕಸ ಎಸೆಯದವನು, ಕೂಗಾಡದವನು, ಎಲ್ಲ ಸುರಕ್ಷತಾ ನಿಯಮಗಳನ್ನು ಪಾಲಿಸಿದವನು. ಅವನ ತಲೆದೀಪದ ಬೆಳಕು ಕಂಡೊಡನೆ ಕುಣಿತದ ಕಣ ಬರಿದಾಗುತ್ತದೆ. ಬರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸ್ವಿಸ್ ಆಲ್ಪ್ಸ್‌ನಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಚಳಿಗಾಲದ ಕತೆಯನ್ನು ಹೇಳುತ್ತದೆ. ಹಿಮದೊಳಗೆ ಗೂಡು ತೋಡಿಕೊಂಡು ದಿನದ ಬಹುಭಾಗ ಅಲುಗಾಡದೆ ಕುಳಿತು, ಮೈಯ ಶಾಖವನ್ನು ಉಳಿಸಿಕೊಂಡು ಬದುಕುವ ಈ ಹಕ್ಕಿಗಳನ್ನು ಎಬ್ಬಿಸಿದರೆ ಅವುಗಳ ಹಿಕ್ಕೆಯಲ್ಲಿ ಒತ್ತಡದ ಹಾರ್ಮೋನಿನ ಪ್ರಮಾಣ ಏರುತ್ತದೆ. ಲಿಫ್ಟುಗಳ ಆಸುಪಾಸಿನ ಗದ್ದಲಕ್ಕೊಂದು ಎಲ್ಲೆಯಾದರೂ ಇರುತ್ತದೆ. ಎಲ್ಲಿ ಬೇಕಾದರಲ್ಲಿ ಹೋಗಬಲ್ಲ ಮೌನ ಚಾರಣಿಗನಿಗೆ ಅದಿಲ್ಲ. 2020-21ರ ಚಳಿಗಾಲದಲ್ಲಿ ಕೋವಿಡ್ ಕಾರಣದಿಂದ ಫ್ರಾನ್ಸ್, ಇಟಲಿಗಳ ಲಿಫ್ಟುಗಳು ಮುಚ್ಚಿದಾಗ ಸ್ಕೀ ಚಾರಣದ ಸಲಕರಣೆಗಳ ಮಾರಾಟ ಒಮ್ಮೆಲೇ ಏರಿತು. ಅಂದು ಕಲಿತವರಲ್ಲಿ ಹಲವರು ಬಿಡಲಿಲ್ಲ. ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳು ಅನೇಕ ಇಳಿಜಾರುಗಳನ್ನು ವನ್ಯಜೀವಿಗಳ ವಿಶ್ರಾಂತಿ ವಲಯಗಳೆಂದು ಗುರುತಿಸಿ ನಕಾಶೆಗಳಲ್ಲಿ ಬಣ್ಣ ಬಳಿದಿವೆ. ಆ ಬಣ್ಣವನ್ನು ಓದದೆ ಹಿಮದ ಆಳವನ್ನು ಮಾತ್ರ ಓದಿ ಹೊರಡುವವನು ಪರ್ವತಪ್ರೇಮಿ ಎನಿಸಿಕೊಳ್ಳಲಾರ.

ಇಷ್ಟು ಹೇಳಿದ ಮೇಲೆ, ಋತು ಹಿಂದುಮುಂದಾಗುತ್ತಿರುವುದಕ್ಕೆ ಚಾರಣಿಗನೊಬ್ಬನನ್ನೇ ಹೊಣೆ ಮಾಡುವಂತಿಲ್ಲ. ಹಿಮವೇ ತನ್ನ ಕಾಲವನ್ನು ಮರೆಯುತ್ತಿದೆ. ದಾವೋಸ್‌ನ ಮೇಲಿನ ವೈಸ್‌ಫ್ಲೂಯೋಖ್ ಕೇಂದ್ರದಲ್ಲಿ, 2,536 ಮೀಟರ್ ಎತ್ತರದಲ್ಲಿ, 1936ರಿಂದ ಹಿಮದ ಆಳವನ್ನು ಅಳೆಯಲಾಗುತ್ತಿದೆ. ಅಲ್ಲಿ ಸಾಮಾನ್ಯವಾಗಿ ಜುಲೈ ಮೊದಲಲ್ಲಿ ಕರಗಿ ಮುಗಿಯುತ್ತಿದ್ದ ಹಿಮ 2022ರಲ್ಲಿ ಸುಮಾರು ಒಂದು ತಿಂಗಳು ಮೊದಲೇ ಮುಗಿಯಿತು. ಆ ವರ್ಷ ಮಾರ್ಚಿಯಲ್ಲಿ ಸಹಾರಾ ಮರುಭೂಮಿಯಿಂದ ಹಾರಿ ಬಂದ ಧೂಳು ಹಿಮವನ್ನು ಕಂದಾಗಿಸಿ, ಬಿಸಿಲನ್ನು ಹೀರುವಂತೆ ಮಾಡಿದ್ದೂ ಅದಕ್ಕೊಂದು ಕಾರಣ. ಇಟಲಿಯ ಸಂಶೋಧಕರು ಇದನ್ನು ಇನ್ನೂ ದೂರದ ಕಾಲಕ್ಕೆ ಒಯ್ದು ನೋಡಿದ್ದಾರೆ. ನೆಲಕ್ಕಂಟಿ ಬೆಳೆಯುವ ಜೂನಿಪರ್ ಪೊದೆ ಹಿಮದ ಹೊದಿಕೆ ಸರಿದ ಮೇಲೆಯೇ ಬೆಳೆಯತೊಡಗುವುದರಿಂದ, ಅದರ ಕಾಂಡದ ಉಂಗುರಗಳಲ್ಲಿ ಹಿಮದ ಅವಧಿಯ ಲೆಕ್ಕ ಬರೆದಿಟ್ಟಂತಿರುತ್ತದೆ. ಆ ಉಂಗುರಗಳನ್ನು ಅಳೆದು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈಗಿನ ಹಿಮದ ಅವಧಿ ದೀರ್ಘಕಾಲದ ಸರಾಸರಿಗಿಂತ 36 ದಿನ ಕಡಿಮೆಯಾಗಿದೆ; ಕಳೆದ ಆರು ಶತಮಾನಗಳಲ್ಲಿ ಇಂಥದು ಕಂಡಿಲ್ಲ. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023ರ ಎರಡೇ ವರ್ಷಗಳಲ್ಲಿ ತಮ್ಮ ಗಾತ್ರದ ಶೇ. 10ರಷ್ಟನ್ನು ಕಳೆದುಕೊಂಡವು. 1960ರಿಂದ 1990ರವರೆಗಿನ ಮೂವತ್ತು ವರ್ಷಗಳಲ್ಲಿ ಕರಗಿದ್ದೂ ಅಷ್ಟೇ.

ಇದರ ಪರಿಣಾಮ ಚಾರಣದ ಪಂಚಾಂಗದ ಮೇಲೂ ಆಗಿದೆ. 2022ರ ಜುಲೈ 3ರಂದು ಇಟಲಿಯ ಮಾರ್ಮೊಲಾಡಾ ಹಿಮನದಿಯ ತುಂಡು ಕುಸಿದು 11 ಮಂದಿ ಸತ್ತರು. ಅದೇ ತಿಂಗಳಲ್ಲಿ ಮ್ಯಾಟರ್‌ಹಾರ್ನ್ ಮತ್ತು ಮಾಂಟ್ ಬ್ಲಾಂಕ್‌ಗಳ ರೂಢಿಯ ದಾರಿಗಳಲ್ಲಿ ಕಲ್ಲುಗಳು ಉರುಳತೊಡಗಿದ್ದರಿಂದ ಮಾರ್ಗದರ್ಶಿಗಳು ಜನರನ್ನು ಕರೆದೊಯ್ಯುವುದನ್ನು ನಿಲ್ಲಿಸಿದರು. ಬಂಡೆಗಳನ್ನು ಹಿಡಿದಿಟ್ಟಿದ್ದ ಒಳಗಿನ ಹಿಮಗಟ್ಟು ಸಡಿಲಗೊಂಡಿತ್ತು. (ಮಾಂಟ್ ಬ್ಲಾಂಕ್ ಬುಡದ ಊರೊಂದರ ಮೇಯರ್ ರೋಸಿಹೋಗಿ, ಏರುವವರು ರಕ್ಷಣೆ ಮತ್ತು ಅಂತ್ಯಕ್ರಿಯೆಯ ಖರ್ಚಿಗೆಂದು 15,000 ಯೂರೋ ಠೇವಣಿ ಇಡಬೇಕೆಂದು ಸೂಚಿಸಿದ್ದು ಆ ಬೇಸಿಗೆಯಲ್ಲೇ.) ನಡು ಬೇಸಿಗೆ ಅಪಾಯಕಾರಿಯಾದಂತೆ ಪರ್ವತಾರೋಹಿಗಳು ಹಿಮ ಇನ್ನೂ ಬಂಡೆಯನ್ನು ಹಿಡಿದಿರುವ ಮೇ-ಜೂನ್ ತಿಂಗಳುಗಳತ್ತ ಸರಿಯುತ್ತಿದ್ದಾರೆ. ಆ ತಿಂಗಳುಗಳೂ ನಿಶ್ಚಿಂತವಲ್ಲವೆಂಬುದನ್ನು 2025ರ ಮೇ 28 ತೋರಿಸಿತು. ಅಂದು ಸ್ವಿಟ್ಜರ್ಲೆಂಡಿನ ಲೋಟ್ಶೆನ್ ಕಣಿವೆಯಲ್ಲಿ ಮೇಲಿನ ಶಿಖರದ ಬಂಡೆಗಳ ರಾಶಿ ಹೊತ್ತಿದ್ದ ಬಿರ್ಷ್ ಹಿಮನದಿ ಕುಸಿದು ಬ್ಲಾಟೆನ್ ಎಂಬ ಹಳ್ಳಿಯ ಬಹುಭಾಗ ಹೂತುಹೋಯಿತು. ಸುಮಾರು 300 ನಿವಾಸಿಗಳನ್ನು ಕೆಲವು ದಿನ ಮುಂಚೆಯೇ ತೆರವುಗೊಳಿಸಿದ್ದರಿಂದ ದೊಡ್ಡ ಸಾವುನೋವು ತಪ್ಪಿತು, ಒಬ್ಬರು ಸತ್ತರು.

ಹೀಗೆ ಬೆಟ್ಟದ ಒತ್ತಾಯಕ್ಕೆ ಮಣಿದು ಋತು ಬದಲಿಸುವವರು ಒಂದೆಡೆಯಾದರೆ, ಹಣ ತೆತ್ತು ಋತುವನ್ನೇ ತಯಾರಿಸುವವರು ಇನ್ನೊಂದೆಡೆ ಇದ್ದಾರೆ. ಆಲ್ಪ್ಸ್‌ನ ಮುಖ್ಯ ಅಪರಾಧವನ್ನು ಹುಡುಕಬೇಕಾದದ್ದು ಇಲ್ಲಿ. ಸ್ಕೀ ಸ್ಪರ್ಧೆಗಳ ವಿಶ್ವಕಪ್ ಅಕ್ಟೋಬರ್ ಕೊನೆಯಲ್ಲೇ ಆಸ್ಟ್ರಿಯಾದ ಸೋಲ್ಡೆನ್ ಹಿಮನದಿಯ ಮೇಲೆ ತೊಡಗುತ್ತದೆ. ಜೆರ್ಮಾಟ್‌ನಿಂದ ಇಟಲಿಯ ಚೆರ್ವಿನಿಯಾಕ್ಕೆ ಇಳಿಯುವ ಸ್ಪರ್ಧೆಯನ್ನು 2022ರ ಶರತ್ಕಾಲಕ್ಕೆ ನಿಗದಿ ಮಾಡಿದರು; ಹಿಮವಿಲ್ಲದೆ ರದ್ದಾಯಿತು. 2023ರಲ್ಲಿ ಅದಕ್ಕಾಗಿ ಹಿಮನದಿಯ ಮೇಲೆ ಅಗೆತದ ಯಂತ್ರಗಳು ಓಡಾಡಿದವು. ಪರವಾನಗಿಯ ಗಡಿಯಾಚೆ ನಡೆದ ಕೆಲಸವನ್ನು ವಾಲೇ ಪ್ರಾಂತದ ಅಧಿಕಾರಿಗಳು ತಡೆದರು. ಕೊನೆಗೆ ಬಿರುಗಾಳಿ ಮತ್ತು ಹಿಮದ ಹೊಡೆತಕ್ಕೆ ಆ ವರ್ಷವೂ ಸ್ಪರ್ಧೆ ನಡೆಯಲಿಲ್ಲ. ಒಂದೂ ಓಟ ಕಾಣದೆ ಅದು ಪಟ್ಟಿಯಿಂದ ಬಿಟ್ಟುಹೋಯಿತು. ಇಟಲಿಯ ಸ್ಕೀ ಇಳಿಜಾರುಗಳಲ್ಲಿ ಶೇ. 90ರಷ್ಟು ಈಗ ಕೃತಕ ಹಿಮದ ಯಂತ್ರಗಳನ್ನು ಅವಲಂಬಿಸಿವೆ. ಒಂದು ಹೆಕ್ಟೇರಿಗೆ ಒಮ್ಮೆ ತಳಹದಿ ಹಾಸಲು ಸುಮಾರು 10 ಲಕ್ಷ ಲೀಟರ್ ನೀರು ಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ 40ರಷ್ಟು ಪರ್ವತ ತಾಣಗಳಲ್ಲಿ ಹೆಲಿಕಾಪ್ಟರ್ ಇಳಿಯಲು ಅನುಮತಿಯಿದೆ. ಏರುವ ಶ್ರಮವಿಲ್ಲದೆ ಇಳಿಯುವ ಸುಖ ಮಾತ್ರ ಬೇಕಾದವರಿಗೆ ಅದು ರಾಜಮಾರ್ಗ. ಫ್ರಾನ್ಸ್ 1985ರ ತನ್ನ ಪರ್ವತ ಕಾಯ್ದೆಯಲ್ಲೇ ಇಂಥದನ್ನು ನಿಷೇಧಿಸಿತು. ಚಳಿಗಾಲ ಕೈಕೊಡುತ್ತಿರುವುದರಿಂದ ನಾಲ್ಕೂ ಋತುಗಳಲ್ಲಿ ಪ್ರವಾಸಿಗಳನ್ನು ಸೆಳೆಯಬೇಕೆಂಬುದು ಈಗಿನ ಹೊಸ ಮಂತ್ರ. ನಡುಋತುವಿಗೆ ಅಲ್ಲಿ ಜಾಗವೇ ಇಲ್ಲ.

ಬೆಟ್ಟದ ಬಿಡುವು ಎಂಬುದು ಹುಲ್ಲುಗಾವಲಿನ ಹಾಗೆ, ನೀರಿನ ಹಾಗೆ, ಎಲ್ಲರ ಸಾಮೂಹಿಕ ಆಸ್ತಿ. ಒಬ್ಬೊಬ್ಬರೂ ತಮಗೆ ಅನುಕೂಲವೆಂದು ಅದರಿಂದ ಒಂದೊಂದು ವಾರ ಕಿತ್ತುಕೊಂಡರೆ ಕಡೆಗೆ ಉಳಿಯುವುದೇನು? ಇದನ್ನು ಆಲ್ಪ್ಸ್‌ನ ಹಳ್ಳಿಗರು ಬಹಳ ಹಿಂದೆಯೇ ಅರಿತಿದ್ದರು. ವಾಲೇ ಪ್ರಾಂತದ ಟೋರ್ಬೆಲ್ ಎಂಬ ಹಳ್ಳಿಯ ಜನ 1483ರಲ್ಲಿ ಲಿಖಿತ ಒಪ್ಪಂದವೊಂದನ್ನು ಮಾಡಿಕೊಂಡು ತಮ್ಮ ಎತ್ತರದ ಹುಲ್ಲುಗಾವಲು, ಕಾಡು, ಬೀಳುಗಳ ಬಳಕೆಗೆ ಕಟ್ಟುಪಾಡು ವಿಧಿಸಿದರು. 1517ರ ನಿಯಮವೊಂದು, ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯಲ್ಲಿ ಮೇವುಣಿಸಿ ಸಾಕಬಲ್ಲಷ್ಟು ಹಸುಗಳನ್ನು ಮಾತ್ರವೇ ಯಾವನಾದರೂ ಬೇಸಿಗೆಯಲ್ಲಿ ಬೆಟ್ಟಕ್ಕೆ ಅಟ್ಟಬಹುದೆಂದು ಹೇಳಿತು. ಮಾನವಶಾಸ್ತ್ರಜ್ಞ ರಾಬರ್ಟ್ ನೆಟಿಂಗ್ ಅಧ್ಯಯನ ಮಾಡಿದ ಈ ಹಳ್ಳಿಯನ್ನು, ಮುಂದೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಉದಾಹರಿಸಿದರು. ಸೊಪ್ಪಿನ ಬೆಟ್ಟದ ಕಟ್ಟಳೆಗಳನ್ನು ಬಲ್ಲ ಮಲೆನಾಡಿನ ಓದುಗರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. ಹುಲ್ಲು ಬಲಿಯುವ ಮೊದಲೇ ದನ ಬಿಟ್ಟರೆ ಆ ವರ್ಷದ ಗಾವಲು ಕೆಡುತ್ತದೆ ಎಂದು ತಿಳಿದ ಜನ ಹಿಮ ಕರಗುವವರೆಗೆ ಕಾಯುತ್ತಿದ್ದರು. ಜೂನಿನಲ್ಲಿ ಕೊರಳಗಂಟೆ ಕಟ್ಟಿ ಹಿಂಡನ್ನು ಮೆರವಣಿಗೆಯಲ್ಲಿ ಮೇಲಕ್ಕೆ ಒಯ್ಯುವ ಪದ್ಧತಿ ಇಂದಿಗೂ ಇದೆ. ಕಾಯುವಿಕೆಯ ಆ ಕಟ್ಟಳೆ ದನಗಳಿಗೆ ಅನ್ವಯಿಸುತ್ತದೆ, ಪ್ರವಾಸಿಗಳಿಗೆ ಅನ್ವಯಿಸುವುದಿಲ್ಲ ಎಂದರೆ ವಿಪರ್ಯಾಸವೇ ಸರಿ.

ಕನ್ನಡನಾಡಿಗೂ ಇದಕ್ಕೂ ನಂಟಿಲ್ಲದೆ ಇಲ್ಲ. ಕರ್ನಾಟಕದ ಶಾಲೆಗಳ ರಜೆ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ಭಾರತದ ಪ್ರವಾಸಿ ತಂಡಗಳು ಟಿಟ್ಲಿಸ್, ಯುಂಗ್‌ಫ್ರೌಯೋಖ್‌ಗಳಿಗೆ ದೊಡ್ಡ ಸಂಖ್ಯೆಯಲ್ಲಿ ಹೋಗುವುದೂ ಆಗಲೇ. 1912ರಲ್ಲಿ ತೆರೆದ ರೈಲಿನಲ್ಲಿ 3,454 ಮೀಟರ್ ಎತ್ತರಕ್ಕೆ ಏರಿ, ಹಿಮವನ್ನು ಮುಟ್ಟಿ, ಚಿತ್ರ ತೆಗೆಸಿಕೊಂಡು ಮರಳುವ ಕುಟುಂಬವು ಗ್ರೌಸ್ ಹಕ್ಕಿಯನ್ನು ಎಬ್ಬಿಸುವುದಿಲ್ಲ, ನಿಜ. ವಿಮಾನದ ಹೊಗೆಯ ಪಾಲು ಬೇರೆ ಮಾತು. ಆದರೆ ಆ ನೋಟದಿಂದ ಉತ್ಸಾಹಗೊಂಡು, ಬಾಡಿಗೆಯ ಸಲಕರಣೆ ತೊಟ್ಟು ಹಿಮದ ಇಳಿಜಾರಿಗೆ ಇಳಿಯಬೇಕೆನ್ನುವ ತರುಣರು ಅರಿತಿರಬೇಕಾದ ಸಂಗತಿಗಳಿವೆ. ಸ್ಕೀ ಚಾರಣ ಮೂರು ದಿನದಲ್ಲಿ ಕಲಿಯುವ ವಿದ್ಯೆಯಲ್ಲ. ಹಿಮದಡಿ ಸಿಲುಕಿದವರನ್ನು ಹುಡುಕುವ ಸಂಕೇತಯಂತ್ರ, ಕೋಲು, ಸಲಿಕೆಗಳನ್ನು ಒಯ್ಯದವರು, ಅವುಗಳನ್ನು ಬಳಸಲು ತಿಳಿಯದವರು, ಅನುಭವಿ ಮಾರ್ಗದರ್ಶಿಯಿಲ್ಲದವರು ಅತ್ತ ಹೆಜ್ಜೆ ಹಾಕಬಾರದು. ಮೇ ತಿಂಗಳಲ್ಲಿ ನಡೆಯಲೇಬೇಕೆನ್ನುವವರಿಗೆ ಸರೋವರಗಳ ಸುತ್ತಲಿನ, 1,500 ಮೀಟರ್‌ಗಿಂತ ಕೆಳಗಿನ ದಾರಿಗಳು ಸಾಮಾನ್ಯವಾಗಿ ಒಣಗಿ ಸಿದ್ಧವಾಗಿರುತ್ತವೆ. ಹೂ ತುಂಬಿದ ಹುಲ್ಲುಗಾವಲು, ಉಕ್ಕಿ ಹರಿಯುವ ಹಿಮದ ನೀರಿನ ಜಲಪಾತಗಳು ಆಗ ಅಲ್ಲೇ ಚೆನ್ನ. ಎತ್ತರದ ಘಟ್ಟಗಳು ಜುಲೈವರೆಗೆ ಕಾಯಬಲ್ಲವು.

1863ರಲ್ಲಿ ಹುಟ್ಟಿದ ಸ್ವಿಸ್ ಆಲ್ಪೈನ್ ಕ್ಲಬ್ಬಿನ ಪರ್ವತಧಾಮಗಳಲ್ಲಿ ಈ ವಿಚಾರಕ್ಕೆ ಒಪ್ಪುವ ಸಂಪ್ರದಾಯವೊಂದಿದೆ. ಪಾಲಕರಿಲ್ಲದ ತಿಂಗಳುಗಳಲ್ಲೂ ಹೆಚ್ಚಿನ ಧಾಮಗಳು ‘ಚಳಿಗಾಲದ ಕೋಣೆ’ಯೊಂದನ್ನು ಬೀಗ ಹಾಕದೆ ಬಿಟ್ಟಿರುತ್ತವೆ. ಕೆಲವು ಹಾಸಿಗೆ, ಕಂಬಳಿ, ಒಲೆ, ಸೀಳಿದ ಸೌದೆ, ಹಣ ಹಾಕಲು ಒಂದು ಪೆಟ್ಟಿಗೆ. ಬಂದವನು ಹಿಮ ಕರಗಿಸಿ ನೀರು ಮಾಡಿಕೊಂಡು, ಉಳಿದು, ಗುಡಿಸಿ, ಹಣವಿಟ್ಟು ಹೋಗಬೇಕು. ಹತ್ತು-ಹದಿನೈದು ಜನರಿಗಷ್ಟೇ ಸಾಕಾಗುವ ಈ ಏರ್ಪಾಡೇ ನಡುಋತುವಿನಲ್ಲಿ ಬೆಟ್ಟ ಎಷ್ಟು ಮಂದಿಯನ್ನು ಹೊರಬಲ್ಲದು ಎಂಬುದರ ಒರಟು ಅಳತೆಗೋಲು. ಅದನ್ನು ಹಿಗ್ಗಿಸುವ ಬೇಡಿಕೆ ಬಂದಾಗಲೆಲ್ಲ ಅನುಮಾನದಿಂದ ನೋಡುವುದು ಒಳಿತು.

ಕಾನೂನಿನ ಆಸರೆಯೂ ಇದೆ, ಅರೆಬರೆಯಾಗಿ. ಆಲ್ಪ್ಸ್ ಹಬ್ಬಿರುವ ಎಂಟು ದೇಶಗಳಿಗೆ ಸಂಬಂಧಿಸಿದ ಆಲ್ಪೈನ್ ಒಡಂಬಡಿಕೆಗೆ 1991ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಸಹಿ ಬಿತ್ತು. ಪ್ರವಾಸಕ್ಕೆ ಸಂಬಂಧಿಸಿದ ಅದರ ಪೂರಕ ಒಪ್ಪಂದ, ಯಾವ ಪ್ರವಾಸಿ ಸೌಕರ್ಯವನ್ನೂ ಕಟ್ಟದಿರುವ ಶಾಂತ ವಲಯಗಳನ್ನು ಗುರುತಿಸಬೇಕೆನ್ನುತ್ತದೆ. ಒಡಂಬಡಿಕೆಯನ್ನು ಸ್ಥಿರೀಕರಿಸಿದ ಸ್ವಿಟ್ಜರ್ಲೆಂಡ್ ಅದರ ಪೂರಕ ಒಪ್ಪಂದಗಳನ್ನು ಸ್ಥಿರೀಕರಿಸಿಲ್ಲ. ಆಲ್ಪ್ಸ್‌ನ ಹೆಸರಿನಲ್ಲೇ ಜಗತ್ತಿಗೆ ಪರಿಚಿತವಾದ ದೇಶದ ಈ ಹಿಂಜರಿಕೆಗೆ ಸಮರ್ಥನೆ ಸಿಗುವುದು ಕಷ್ಟ.

ಶಾಂತಿಯನ್ನು ವಲಯದಲ್ಲಷ್ಟೇ ಅಲ್ಲ, ಕಾಲದಲ್ಲೂ ಗುರುತಿಸಬೇಕೆಂಬ ಬೇಡಿಕೆ ಈಗ ಏಳಬೇಕಾಗಿದೆ. ಮೇ ನಡುವಿನಿಂದ ಜೂನ್ ನಡುವಿನವರೆಗೆ ಹೊಸ ಆಕರ್ಷಣೆಗಳಿಗೆ, ಹೆಲಿಕಾಪ್ಟರ್ ಇಳಿದಾಣಗಳಿಗೆ, ಲಿಫ್ಟುಗಳ ಅವಧಿ ವಿಸ್ತರಣೆಗೆ ಅನುಮತಿ ಕೊಡದಿರುವುದು ಅಸಾಧ್ಯದ ಮಾತೇನಲ್ಲ. ಪ್ರವಾಸೋದ್ಯಮವನ್ನೇ ನೆಚ್ಚಿದ ಜನ ಇದಕ್ಕೆ ಒಪ್ಪುವರೇ ಎಂದು ಕೇಳುವವರು ಆಸ್ಟ್ರಿಯಾದ ಪಿಟ್ಜ್ ಕಣಿವೆಯನ್ನು ನೋಡಬಹುದು. ಅಲ್ಲಿಯ ಹಿಮನದಿ ಸ್ಕೀ ಕ್ಷೇತ್ರವನ್ನು ಪಕ್ಕದ ಓಟ್ಜ್ ಕಣಿವೆಯದರೊಡನೆ ಕೂಡಿಸಲು ಮೂರು ಹೊಸ ಕೇಬಲ್ ಕಾರುಗಳು, 64 ಹೆಕ್ಟೇರ್ ಹೊಸ ಇಳಿಜಾರುಗಳ ಯೋಜನೆ ಸಿದ್ಧವಾಗಿತ್ತು. ಬೆಟ್ಟದ ಏಣೊಂದನ್ನು ಸಿಡಿಸಿ ತೆಗೆಯಬೇಕಿತ್ತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ವಿರೋಧದ ಮನವಿಗೆ ಸಹಿ ಹಾಕಿದರು. ಅವರಲ್ಲಿ ಬಹುತೇಕರು ಹೊರಗಿನವರು ಎಂದು ಯೋಜನೆಯ ಪರವಾದವರು ತಳ್ಳಿಹಾಕಿದರು. 2022ರ ಜುಲೈ 17ರಂದು ಸುಮಾರು 1,400 ಜನಸಂಖ್ಯೆಯ ಸೇಂಟ್ ಲಿಯೊನಾರ್ಡ್ ಗ್ರಾಮದಲ್ಲಿ, ಆ ಲಿಫ್ಟುಗಳಿಂದಲೇ ಅನ್ನ ಕಾಣುತ್ತಿರುವ ಜನರ ನಡುವೆ, ಮತದಾನ ನಡೆಯಿತು. ಶೇ. 50.36 ಮತಗಳು ವಿರುದ್ಧವಾಗಿ ಬಿದ್ದವು. ಯೋಜನೆಯನ್ನು ಕೈಬಿಡಲಾಯಿತು. ಹಿಂದಿನಿಂದಿದ್ದ ಲಿಫ್ಟುಗಳು ಅಲ್ಲಿ ಈಗಲೂ ಓಡುತ್ತಿವೆ. ಸಿಡಿಸಬೇಕೆಂದಿದ್ದ ಏಣು ಇದ್ದಲ್ಲೇ ಇದೆ.